ಇಂದಾಪುರದಲ್ಲಿ ರೇಣು, ಅಫಜಲಪುರದಲ್ಲಿ ಅಣು

ನನ್ನ ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ಒಂದು ಸಂಜೆ ವಿಜ್ಞಾನದ ಟೆಸ್ಟ್ ಪೇಪರು ತಂದು ನನ್ನ ಮುಂದೆ ಇಟ್ಟು, "ಅಪ್ಪಾ, ನೀ ಹೇಳಿಕೊಟ್ಟಂಗ ಬರದೆ, ತಪ್ಪು ಹಾಕ್ಯಾರ ನೋಡು" ಅಂದಳು. ಎರಡು ಮಾರ್ಕು ಹೋಗಿತ್ತು. ಅಣು ಅಂದರೇನು ಅನ್ನುವ ಪ್ರಶ್ನೆಗೆ 'ಎರಡು ಅಥವಾ ಹೆಚ್ಚು ಪರಮಾಣುಗಳು ಸೇರಿ ಆಗುವುದು' ಅಂತ ಮರಾಠಿಯಲ್ಲಿ ಬರೆದಿದ್ದಳು. ಹಿಂದಿನ ರಾತ್ರಿ ಹಾಗಂತ ಹೇಳಿಕೊಟ್ಟ ಮಹಾಪಂಡಿತ ನಾನೇ!

ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನಗೆ ಅದರಲ್ಲಿ ತಪ್ಪೇನು ಅಂತ ಹೊಳೆಯಲಿಲ್ಲ. ಅವಳ ಪುಸ್ತಕ ತೆಗೆದು ನೋಡಿದೆ. ಬಾಲಭಾರತಿಯ ಎಂಟನೆಯ ತರಗತಿಯ ಆ ವಿಜ್ಞಾನ ಪುಸ್ತಕದಲ್ಲಿ ಪಾಠದ ಹೆಸರೇ 'ಅಣೂಚೆ ಅಂತರಂಗ'. ಮರಾಠಿಯಲ್ಲಿ 'ಅಣೂ' ಅಂದರೆ ನಮ್ಮ ಪರಮಾಣು. ನಾವು ಅಣು ಅನ್ನುವುದಕ್ಕೆ ಅವರು 'ರೇಣೂ' ಅನ್ನುತ್ತಾರೆ. ನಮ್ಮ ಕಡೆ ರೇಣು ಅಂದರೆ ಧೂಳು, ಇಲ್ಲವೇ ಪಕ್ಕದ ಮನೆಯ ರೇಣುಕಾ. ನಾವು ಅಣುಸೂತ್ರ ಅಂದರೆ ಅವರು ರೇಣುಸೂತ್ರ ಅನ್ನುತ್ತಾರೆ, ನಾವು ಪರಮಾಣು ಸಂಖ್ಯೆ ಅಂದರೆ ಅವರು ಅಣುಅಂಕ ಅನ್ನುತ್ತಾರೆ. ಉಜನಿಯ ಹಿನ್ನೀರಾಗಿ ನಮ್ಮ ಇಂದಾಪುರದ ಬದಿಯಲ್ಲಿ ನಿಂತ ಭೀಮೆಯ ನೀರಿನ ಅತಿ ಸಣ್ಣ ಹನಿಗೂಸು ಇಲ್ಲಿ ರೇಣು. ಅದೇ ನೀರು ಸೊಲ್ಲಾಪುರ ಜಿಲ್ಲೆ ದಾಟಿ ಕಲಬುರಗಿ ಜಿಲ್ಲೆಯ ಅಫಜಲಪುರ ಮುಟ್ಟುವಷ್ಟರಲ್ಲಿ ಅಣು ಆಗಿರುತ್ತದೆ. ನೀರು ಬದಲಾಗಲಿಲ್ಲ, ಪಾಪ, ಹೆಸರು ಮಾತ್ರ ಬದಲಾಯಿತು.

ಹಾಗಂತ ಮರಾಠಿಯವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಅವರು ಒಂದು ಮಾತಿಗೆ ನಿಂತಿದ್ದಾರೆ, ಅಣೂ ಅಂದರೆ ಅಣೂ, ಬಾಂಬೂ ಅಣುಬಾಂಬೇ. ಹಿಂದಿಯವರೂ ಅಷ್ಟೇ, ಪರಮಾಣು ಅಂದಮೇಲೆ ಬಾಂಬೂ ಪರಮಾಣು ಬಾಂಬ್. ಎರಡು ದೋಣಿಯ ಮೇಲೆ ಕಾಲಿಟ್ಟವರು ನಾವು. ಪಾಠದಲ್ಲಿ ಪರಮಾಣು ಅನ್ನುತ್ತೇವೆ, ಪೇಪರಿನಲ್ಲಿ ಅಣುಬಾಂಬ್ ಅನ್ನುತ್ತೇವೆ, ಕೈಗಾಕ್ಕೆ ಅಣುಸ್ಥಾವರ ಅನ್ನುತ್ತೇವೆ. ಕೈಗಾದಲ್ಲಿ ಒಡೆಯುವುದು ಯುರೇನಿಯಂ ಪರಮಾಣುವಿನ ನ್ಯೂಕ್ಲಿಯಸ್ಸನ್ನು. ನಮ್ಮದೇ ಪಾಠಪುಸ್ತಕದ ಪ್ರಕಾರ ನಮ್ಮದೇ ಪತ್ರಿಕೆಗಳು ಬರೆಯುವುದು ತಪ್ಪು!

ಮಾರ್ಕಿನ ಕಥೆ ಅಲ್ಲಿಗೆ ಮುಗಿಯಿತು. ನನ್ನನ್ನು ಇವತ್ತಿಗೂ ಚುಚ್ಚುವುದು ಅದಾದ ಮೇಲೆ ನಡೆದದ್ದು.

ಅದೇ ಪಾಠ ಮುಂದುವರಿದು ಎಲೆಕ್ಟ್ರಾನುಗಳ ಲೆಕ್ಕ ಬಂತು. ನ್ಯೂಕ್ಲಿಯಸ್ಸಿನ ಸುತ್ತ ಕೆ, ಎಲ್, ಎಂ, ಎನ್ ಅಂತ ಕವಚಗಳು. ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ 18 ಹಿಡಿಸುತ್ತವೆ ಅಂತ ಸೂತ್ರ. ಅದನ್ನು ಹಿಡಿದು ಮಗಳು ಪೊಟ್ಯಾಸಿಯಂವರೆಗೆ ಬಂದಳು. ಪೊಟ್ಯಾಸಿಯಂಗೆ 19 ಎಲೆಕ್ಟ್ರಾನು. ಅವಳು 2, 8, 9 ಅಂತ ಬರೆದಳು. ಉತ್ತರದಲ್ಲಿ 2, 8, 8, 1 ಅಂತಿತ್ತು.

"ಅಪ್ಪಾ, ಮೂರನೇ ಮನ್ಯಾಗ ಇನ್ನ ಹತ್ತು ಜಾಗ ಖಾಲಿ ಅದಾವಲ್ಲ, ಮತ್ತ ಹತ್ತೊಂಬತ್ತನೇದು ನಾಕನೇ ಮನಿಗೆ ಯಾಕ ಹೋತು?"

ಎಂಥ ಒಳ್ಳೆಯ ಪ್ರಶ್ನೆ! ನಾನು ಹೇಳಿದ್ದೇನು ಗೊತ್ತೇ? "ರೂಲ್ ಹಂಗೈತಿ. ಬಾಯಿಪಾಠ ಮಾಡು." ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಆಮೇಲೆ ಎಷ್ಟೋ ದಿನ ವಿಜ್ಞಾನದ ಪ್ರಶ್ನೆ ಅಂತ ನನ್ನ ಹತ್ತಿರ ಬರಲೇ ಇಲ್ಲ.

ಉತ್ತರ ಇದೆ. ಮೂರನೆಯ ಕವಚ ಅಂದರೆ ಒಂದೇ ದೊಡ್ಡ ಪಡಸಾಲೆ ಅಲ್ಲ, ಒಳಗೆ ಬೇರೆ ಬೇರೆ ಕೋಣೆಗಳಿವೆ. ಮೊದಲಿನ ಎರಡು ಬಗೆಯ ಕೋಣೆಗಳಲ್ಲಿ ಸೇರಿ 8 ಹಿಡಿಸುತ್ತವೆ. ಮಿಕ್ಕ 10 ಜಾಗಗಳಿರುವ ಕೋಣೆ ಇನ್ನೂ ಎತ್ತರದಲ್ಲಿದೆ, ಅಲ್ಲಿರಲು ಹೆಚ್ಚು ಶಕ್ತಿ ಬೇಕು. ಪೊಟ್ಯಾಸಿಯಂನಲ್ಲಿ ಅದಕ್ಕಿಂತ ನಾಲ್ಕನೆಯ ಕವಚದ ಮೊದಲ ಕೋಣೆಯೇ ಕಡಿಮೆ ಶಕ್ತಿಯದು. ಹಾಗಾಗಿ ಹತ್ತೊಂಬತ್ತನೆಯ ಎಲೆಕ್ಟ್ರಾನು ಅಲ್ಲಿಗೆ ಹೋಗುತ್ತದೆ. ಖಾಲಿ ಉಳಿದ ಆ ಹತ್ತು ಜಾಗಗಳು ಮುಂದೆ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಧಾತುಗಳಲ್ಲಿ ತುಂಬುತ್ತವೆ. ಹನ್ನೊಂದನೆಯ ಕ್ಲಾಸಿನಲ್ಲಿ ಇದನ್ನೇ ವಿಸ್ತಾರವಾಗಿ ಕಲಿಸುತ್ತಾರೆ. ಆದರೆ ಎಂಟನೆಯ ಕ್ಲಾಸಿನಲ್ಲಿ 'ನಿನ್ನ ಪ್ರಶ್ನೆ ಸರಿ ಇದೆ, ಈ ಚಿತ್ರ ಪೂರ್ತಿ ಅಲ್ಲ' ಅಂತ ಒಂದು ಮಾತು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ನನಗೂ ಬರಲಿಲ್ಲ.

ಆ ಚಿತ್ರ ನೋಡಿದ್ದೀರಲ್ಲ? ನಡುವೆ ಸೂರ್ಯನ ಹಾಗೆ ನ್ಯೂಕ್ಲಿಯಸ್ಸು, ಸುತ್ತ ಗ್ರಹಗಳ ಹಾಗೆ ಎಲೆಕ್ಟ್ರಾನು. ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಕಲ್ಪನೆಯ ಚಿತ್ರ ಅದು. ಅದರಲ್ಲಿ ಒಂದು ಮಾತು ನಿಜ, ಒಂದು ಮಾತು ನಿಜವಲ್ಲ.

ನಿಜವಾದದ್ದನ್ನು ಅಡುಗೆಮನೆಯಲ್ಲೇ ನೋಡಬಹುದು. ಉಪ್ಪು ಹಾಕಿದ ಬೇಳೆ ಉಕ್ಕಿ ಗ್ಯಾಸಿನ ಮೇಲೆ ಬಿದ್ದಾಗ ನೀಲಿ ಉರಿ ಹಳದಿ ಆಗುತ್ತದಲ್ಲ, ಅದು ಉಪ್ಪಿನೊಳಗಿನ ಸೋಡಿಯಂ ಕೆಲಸ. ಉರಿಯ ಬಿಸಿಗೆ ಸೋಡಿಯಂನ ಹೊರಗಿನ ಎಲೆಕ್ಟ್ರಾನು ಒಂದು ಮೆಟ್ಟಿಲು ಹತ್ತುತ್ತದೆ, ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಅದೇ ಹಳದಿ, 589 ನ್ಯಾನೋಮೀಟರಿನ ಆಸುಪಾಸು. ಮೆಟ್ಟಿಲುಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲುವ ಹಾಗಿದ್ದರೆ ಬಣ್ಣವೂ ಒಂದೇ ಆಗಿರುತ್ತಿರಲಿಲ್ಲ. ಮೆಟ್ಟಿಲುಗಳಿವೆ ಅನ್ನುವುದು ಸತ್ಯ.

ನಿಜವಲ್ಲದ್ದು ಆ ದುಂಡನೆಯ ದಾರಿ. ವಿದ್ಯುತ್ ಆವೇಶ ಇರುವ ಕಣ ಹಾಗೆ ಸುತ್ತುತ್ತಿದ್ದರೆ, ಹಳೆಯ ಭೌತಶಾಸ್ತ್ರದ ಪ್ರಕಾರ, ಶಕ್ತಿ ಕಳೆದುಕೊಂಡು ಕಣ್ಣು ಮಿಟುಕಿಸುವ ಮೊದಲೇ ನ್ಯೂಕ್ಲಿಯಸ್ಸಿಗೆ ಬೀಳಬೇಕಿತ್ತು. ಹಾಗಾಗುವುದಿಲ್ಲ ಅಂತ ಬೋರ್ ಇಟ್ಟುಕೊಂಡರು, ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಅವರ ಚಿತ್ರದಲ್ಲಿ ಉತ್ತರವಿರಲಿಲ್ಲ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದಮೇಲೆ ದಾರಿ ಅನ್ನುವುದೇ ಹೋಯಿತು. ಚಳಿಗಾಲದ ಬೆಳಿಗ್ಗೆ ಉಜನಿಯ ಹಿನ್ನೀರಿನ ಮೇಲೆ ಮಂಜು ಕೂತಿರುತ್ತದಲ್ಲ, ನೀರಿನ ಹತ್ತಿರ ದಟ್ಟ, ದೂರ ಹೋದಂತೆ ತೆಳು, ಇಲ್ಲಿಗೆ ಮುಗಿಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಹೈಡ್ರೋಜನ್ನಿನ ಎಲೆಕ್ಟ್ರಾನು ಸಿಗುವ ಸಂಭವ ಹರಡಿರುವುದು ಹಾಗೆ. ಚಿತ್ರದಲ್ಲಿ ಅಳತೆಯೂ ಸುಳ್ಳು. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸು ಒಂದು ಜೋಳದ ಕಾಳಿನಷ್ಟು ಅಂದುಕೊಂಡರೆ ಪರಮಾಣು ಹೆಚ್ಚುಕಡಿಮೆ ಕಾಲು ಕಿಲೋಮೀಟರು ಅಗಲ. ಯಾವ ಪುಸ್ತಕದ ಪುಟ ಹಿಡಿದೀತು?

ಚಿತ್ರ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ಹದಿಮೂರು ವರ್ಷದ ಮಗುವಿಗೆ ಸಮೀಕರಣ ಕೊಡಲು ಆಗುವುದಿಲ್ಲ. 2, 8, 8 ಕಲಿತರೆ ಸೋಡಿಯಂ ಯಾಕೆ ಒಂದು ಎಲೆಕ್ಟ್ರಾನು ಕೊಡುತ್ತದೆ, ಕ್ಲೋರಿನ್ ಯಾಕೆ ತೆಗೆದುಕೊಳ್ಳುತ್ತದೆ, ಉಪ್ಪು ಹೇಗಾಗುತ್ತದೆ ಅಂತ ತಿಳಿಯುತ್ತದೆ, ಅಷ್ಟು ಸಾಕು. ನಾನು ಕೇಳುವುದು ಎರಡೇ. ಒಂದು, ಪಾಠ ಮಾಡುವಾಗ 'ಕಕ್ಷೆ' ಬಿಟ್ಟು 'ಕವಚ' ಅನ್ನೋಣ. ಮರಾಠಿಯಲ್ಲೂ ಕನ್ನಡದಲ್ಲೂ ಇರುವ ಮಾತು ಅದು. ಕಕ್ಷೆ ಅಂದ ಕೂಡಲೇ ಗ್ರಹ ಸುತ್ತುವುದೇ ಕಣ್ಣಿಗೆ ಬರುತ್ತದೆ. ಎರಡು, ಅರ್ಧ ಸತ್ಯವನ್ನು ಅರ್ಧ ಸತ್ಯ ಅಂತ ಹೇಳಿಯೇ ಕೊಡೋಣ.

ಇದು ನಮ್ಮಂಥ ಮನೆಗಳಲ್ಲಿ ಬೇರೆಯವರಿಗಿಂತ ಸುಲಭ ಅಂತ ನನಗೀಗ ಅನ್ನಿಸುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಂತ ಬೆಳೆಯುವ ಮಕ್ಕಳಿಗೆ ಪಾಪ ಎಷ್ಟು ಗೊಂದಲ ಅಂತ ಮರುಗುತ್ತೇವೆ. ಆದರೆ ಅಣು ಅನ್ನುವ ಒಂದೇ ಮಾತು ಎರಡು ಊರಿನಲ್ಲಿ ಎರಡು ಅರ್ಥ ಕೊಡುವುದನ್ನು ಕಂಡ ಮಗುವಿಗೆ, ಹೆಸರು ಬೇರೆ ವಸ್ತು ಬೇರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರ ಬೇರೆ ಪರಮಾಣು ಬೇರೆ ಅನ್ನುವುದಕ್ಕೆ ಅಲ್ಲಿಂದ ಒಂದೇ ಹೆಜ್ಜೆ. ಆ ಎರಡು ಮಾರ್ಕು ಹೋದದ್ದು ನಷ್ಟವೇ ಅಲ್ಲ.

ನಷ್ಟ ಆದದ್ದು ಪೊಟ್ಯಾಸಿಯಂ ಹತ್ತಿರ. ಹನ್ನೊಂದನೆಯ ಕ್ಲಾಸಿಗೆ ಬಂದಾಗ ಮಗಳೇ ಒಂದು ದಿನ ಬಂದು, "ಅಪ್ಪಾ, ನಾ ಅವತ್ತು ಕೇಳಿದ್ದು ಸರಿ ಇತ್ತು" ಅಂದಳು. ಹೌದವ್ವಾ, ಸರಿ ಇತ್ತು ಅಂದೆ. ಅಷ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು.

ನಿಮ್ಮ ಮನೆಯಲ್ಲಿ ಮಕ್ಕಳು ಇಂಥದ್ದು ಕೇಳಿದರೆ ನೀವು ಏನು ಹೇಳುತ್ತೀರಿ?