ಕೊನೆಗೂ ಯಾರು ಅಂತ ಹೇಳ್ಲಿಲ್ವಲ್ಲ ಸಾರ್!

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಕಳೆದ ಭಾನುವಾರ ಕೆ.ಆರ್. ನಗರದಲ್ಲಿ, ಅರ್ಕೇಶ್ವರನ ಗುಡಿ ಹತ್ತಿರದ ಹೊಳೆ ದಂಡೇಲಿ ಒಂದು ಜಗಳ ಆಯ್ತು. ಅದು ಇವತ್ತಿಗೂ ತಲೆಯಲ್ಲಿ ಕೊರೀತಾ ಇದೆ. ಜಗಳ ಸೈಟಿಗೆ ಸಂಬಂಧಿಸಿದ್ದಲ್ಲ, ನಾಲೆ ನೀರಿಗೆ ಸಂಬಂಧಿಸಿದ್ದೂ ಅಲ್ಲ. ಒಂದು ಕಾದಂಬರಿಗೆ! ನಮ್ಮೂರಲ್ಲಿ ಪುಸ್ತಕಕ್ಕೆ ಜಗಳ ಆಗುತ್ತೆ ಅಂದ್ರೆ ನೀವು ನಂಬಲ್ಲ, ಗೊತ್ತು.

ವಿಷಯ ಇಷ್ಟು. ನಾವು ಐದಾರು ಜನ ಸೇರಿ ಒಂದೇ ಪುಸ್ತಕದ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತೇವೆ. ನಾನು ದಿನಾ ಮೈಸೂರಿಗೆ ರೈಲಲ್ಲಿ ಓಡಾಡುವವನು. ಹೋಗುವಾಗ ಇಪ್ಪತ್ತು ಪುಟ, ಬರುವಾಗ ಇಪ್ಪತ್ತು ಪುಟ. ಸಾಗರಕಟ್ಟೆ ಹತ್ತಿರ ಹಿನ್ನೀರು ಕಂಡಾಗ ಮಾತ್ರ ತಲೆ ಎತ್ತುವುದು. ಈ ಸಲದ ಪುಸ್ತಕ ತೇಜಸ್ವಿಯವರ 'ಚಿದಂಬರ ರಹಸ್ಯ'. ಬಂದದ್ದು 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು 1987ರಲ್ಲಿ. ಓದದೇ ಇರುವವರು ಯಾರಾದರೂ ಇದ್ದರೆ ಎರಡೇ ಮಾತು: ಕೆಸರೂರು ಅಂತ ಮಲೆನಾಡಿನ ಒಂದು ಊರು. ಅಲ್ಲಿ ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ಸತ್ತಿದ್ದಾರೆ. ಅದರ ಜಾಡು ಹಿಡಿದು ಅಂಗಡಿ ಎಂಬ ಅಧಿಕಾರಿ ಬರುತ್ತಾರೆ. ಕೃಷ್ಣೇಗೌಡರ ಮನೆ ಮೇಲೆ ಕಲ್ಲು ಬೀಳುತ್ತೆ. ಅವರ ಮಗಳು ಜಯಂತಿಗೂ ರಫಿಗೂ ಪ್ರೀತಿ. ಕಾಲೇಜು ಹುಡುಗರಿಗೆ ಕ್ರಾಂತಿಯ ಹುಚ್ಚು. ಓದುವಾಗ ಹೊಟ್ಟೆ ಹುಣ್ಣಾಗುವಷ್ಟು ನಗು. ಕೊನೆಗೆ ಬೆಂಕಿ.

ಪುಸ್ತಕ ಎಲ್ಲರ ಕೈ ದಾಟಿ ಕೊನೆಗೆ ನಮ್ಮ ಗೊಬ್ಬರದಂಗಡಿ ಮಿತ್ರರ ಹತ್ತಿರ ಹೋಗಿತ್ತು. ಅವರು ಭಾನುವಾರ ಅದನ್ನು ತಂದು ಕಟ್ಟೆ ಮೇಲೆ ಧಪ್ ಅಂತ ಎಸೆದರು.

"ಏನ್ ಸಾರ್ ಇದು? ಮುನ್ನೂರು ಚಿಲ್ಲರೆ ಪುಟ ಓದ್ಸಿ ಕೊನೆಗೂ ಯಾರು ಅಂತ ಹೇಳ್ಲಿಲ್ವಲ್ಲ ಸಾರ್! ಮೋಸ ಅಲ್ವಾ ಇದು?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಈ ಬರಹ ಆ ನಗುವಿನ ವಿರುದ್ಧ.

ನಕ್ಕ ಮೇಲೆ ಒಬ್ಬೊಬ್ಬರೂ ಅವರಿಗೆ ಬುದ್ಧಿ ಹೇಳಲು ನಿಂತರು. ರಿಟೈರ್ ಆಗಿರುವ ನಮ್ಮ ಕನ್ನಡ ಮೇಷ್ಟ್ರು, "ಅಲ್ಲಯ್ಯಾ, ಇದೇನು ನರಸಿಂಹಯ್ಯನವರ ಪತ್ತೇದಾರಿ ಅಂದ್ಕೊಂಡ್ಯಾ? ಇದು ರೂಪಕ. ಕೆಸರೂರು ಅಂದ್ರೆ ಇಂಡಿಯಾ. ಚಿದಂಬರದ ಗುಡೀಲಿ ತೆರೆ ಸರಿಸಿದ್ರೆ ಹಿಂದೆ ಏನಿರುತ್ತೆ? ಬರೀ ಆಕಾಶ. ಅದೇ ರಹಸ್ಯ. ಯಾರು ಕೊಂದ್ರು ಅಂತ ಕೇಳೋನು ಓದುಗನೇ ಅಲ್ಲ" ಅಂದರು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗ, "ಅಂಕಲ್, ಅದನ್ನೆಲ್ಲ ತಲೇಗ್ ಹಾಕ್ಕೋಬೇಡಿ. ಕಾಮಿಡಿ ಸಖತ್ತಾಗಿದೆ, ಎಂಜಾಯ್ ಮಾಡಿ" ಅಂದ. ಇನ್ನೊಬ್ಬರು, "ಅದು ಮಲ್ನಾಡ್ ಕತೆ ಕಣ್ರೀ, ಕಾಫಿ ಏಲಕ್ಕಿ ಅಂತ. ಭತ್ತ ಬೆಳೆಯೋ ನಮ್ಗೆ ಅದೆಲ್ಲ ಹೆಂಗ್ ಅರ್ಥ ಆಗುತ್ತೆ" ಅಂದರು. ಮನೆಗೆ ಬಂದರೆ ನನ್ನ ಹೆಂಡತಿಯ ತಕರಾರು ಬೇರೆ. "ರೀ, ಆ ಜಯಂತಿ ರಫಿ ಇಬ್ರೂ ಸರಿಯಾಗಿ ನಾಲ್ಕು ಮಾತೇ ಆಡಲ್ವಲ್ರೀ. ಅದೆಂಥ ಲವ್ ಸ್ಟೋರಿ?"

ಸರಿ. ಒಂದೊಂದಾಗಿ ಬರ್ತೀನಿ.

ಮೊದಲು ಮೇಷ್ಟ್ರು. ಎನ್. ನರಸಿಂಹಯ್ಯನವರ ಹೆಸರನ್ನು ಬೈಗುಳದ ಹಾಗೆ ಬಳಸುವುದನ್ನು ನಾವು ಯಾವಾಗ ಬಿಡುತ್ತೇವೆ? ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಕೊಟ್ಟವರು ಅವರು. ನಮ್ಮ ಗೊಬ್ಬರದಂಗಡಿ ಮಿತ್ರರು ಕನ್ನಡ ಓದುವುದನ್ನು ರೂಢಿ ಮಾಡಿಕೊಂಡದ್ದೇ ಅವರ ಪುಸ್ತಕಗಳಿಂದ, ಆಮೇಲೆ ಟಿ.ಕೆ. ರಾಮರಾವ್ ಅವರಿಂದ. ಆ ಪುಸ್ತಕಗಳು ಅವರಿಗೆ ಕಲಿಸಿದ್ದು ಒಂದೇ ಪಾಠ: ಮೊದಲ ಪುಟದಲ್ಲಿ ಹೆಣ ಬಿದ್ದರೆ ಕೊನೇ ಪುಟದವರೆಗೂ ಅದನ್ನು ಮರೆಯಬಾರದು. ಇದು ಸಣ್ಣ ಪಾಠವಾ ಸ್ವಾಮಿ?

ಈಗ ಕೆಸರೂರಿಗೆ ಬನ್ನಿ. ಅಲ್ಲಿನ ಜನ ಏನು ಮಾಡುತ್ತಾರೆ? ಎಲ್ಲರ ಹತ್ತಿರವೂ ಒಂದೊಂದು ಥಿಯರಿ ಇದೆ. ಎಲ್ಲರಿಗೂ ಎಲ್ಲದರ ಬಗ್ಗೆ ಏನೋ ಒಂದು ಗೊತ್ತು. ಕಲ್ಲು ಬಿದ್ದರೆ ಅದಕ್ಕೊಂದು ಮಾತು, ಹುಡುಗಿ ಬೀದಿಗೆ ಬಂದರೆ ಅದಕ್ಕೊಂದು ಮಾತು. ಆದರೆ ಒಬ್ಬ ಮನುಷ್ಯ ಸತ್ತಿದ್ದಾನಲ್ಲ, ಅದು ಹೇಗೆ ಅಂತ ಪಟ್ಟು ಹಿಡಿದು ಕೇಳುವುದಕ್ಕೆ ಹೊರಗಿನಿಂದ ಒಬ್ಬ ಅಧಿಕಾರಿಯೇ ಬರಬೇಕು. ಮಿಕ್ಕವರಿಗೆ ಪುರುಸೊತ್ತಿಲ್ಲ. ಅವರು ಅವರವರ ಜಾತಿ, ಅವರವರ ವ್ಯಾಪಾರ, ಅವರವರ ಕ್ರಾಂತಿಯಲ್ಲಿ ಬಿಜಿ. ಹಾಗಿರುವಾಗ ಪುಸ್ತಕ ಮುಗಿಸಿ "ಯಾರು ಅಂತ ಹೇಳ್ಲಿಲ್ವಲ್ಲ" ಅಂತ ಸಿಟ್ಟಾದವನು ಕೆಸರೂರಿನವನಲ್ಲ. "ಯಾರು ಅಂತ ಕೇಳಬಾರದು, ಅದು ರೂಪಕ" ಅಂದವನೇ ಅಪ್ಪಟ ಕೆಸರೂರಿನವನು! ಮೇಷ್ಟ್ರೇ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಬೇಜಾರು ಮಾಡ್ಕೋಬೇಡಿ.

ಇಲ್ಲಿ ಒಬ್ಬರು ಕೇಳಬಹುದು, ತೇಜಸ್ವಿ 'ಕರ್ವಾಲೋ'ದಲ್ಲೂ (1980) ಹಾಗೇ ಮಾಡಿದ್ದಾರಲ್ಲ ಅಂತ. ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಕೈ ತಪ್ಪಿ ಹಾರಿಹೋಗುತ್ತೆ. ಹೌದು. ಆದರೆ ಅಲ್ಲಿ ಯಾರಿಗೂ ಮೋಸ ಹೋದ ಹಾಗೆ ಅನ್ನಿಸಲ್ಲ, ಮೈ ಜುಂ ಅನ್ನುತ್ತೆ. ಓತಿ ತಪ್ಪಿಸಿಕೊಂಡರೆ ಅದು ಬದುಕಿಕೊಳ್ಳುತ್ತೆ, ಅಷ್ಟೇ. ಒಬ್ಬ ಮನುಷ್ಯನ ಸಾವಿಗೆ ಉತ್ತರ ಹೇಳಬೇಕಾದವರು ತಪ್ಪಿಸಿಕೊಂಡರೆ? ಅಲ್ಲಿ ಖುಷಿಪಡಬೇಕಾ? ಎರಡನ್ನೂ ಒಂದೇ ತಕ್ಕಡಿಗೆ ಹಾಕಿ "ತೇಜಸ್ವಿ ಸ್ಟೈಲೇ ಹಾಗೆ" ಅನ್ನುವವರಿಗೆ ನನ್ನ ನಮಸ್ಕಾರ. 'ಚಿದಂಬರ ರಹಸ್ಯ' ಮುಗಿದಾಗ ಸಿಟ್ಟು ಬರಬೇಕು. ಬರಲಿಲ್ಲ ಅಂದ್ರೆ ಓದಿದ್ದು ಎಲ್ಲೋ ಜಾರಿದೆ.

ಕಾಮಿಡಿ ಹುಡುಗನ ಮಾತಿಗೆ ಬರೋಣ. ನಗಬಾರದು ಅಂತ ನಾನು ಹೇಳುತ್ತಿಲ್ಲ, ರೈಲಲ್ಲಿ ನಾನು ನಕ್ಕಿದ್ದಕ್ಕೆ ಎದುರು ಸೀಟಿನವರು ಜಾಗ ಬದಲಾಯಿಸಿದ್ದಾರೆ. ಆದರೆ ಒಂದು ಗಮನಿಸಿ. ಆ ನಗುವಿನ ಮಧ್ಯೆ ಜೋಗಿಹಾಳ್ ನಿಮಗೆ ಎಷ್ಟು ಸಲ ನೆನಪಾದರು? ನನಗಂತೂ ಪುಟಗಟ್ಟಲೆ ಮರೆತೇ ಹೋಗಿದ್ದರು. ಊರವರು ಮರೆತ ಹಾಗೆಯೇ ಓದುಗನೂ ಮರೆಯುತ್ತಾನೆ. ಆ ಪುಸ್ತಕದಲ್ಲಿ ನಗು ಮಾಡುವ ಕೆಲಸ ಇದು. ತೇಜಸ್ವಿ ತೀರಿಕೊಂಡಿದ್ದು 2007ರ ಏಪ್ರಿಲ್‌ನಲ್ಲಿ. ಆಮೇಲೆ ನಾವು ಅವರನ್ನು ಟೀ ಶರ್ಟು, ಕ್ಯಾಮೆರಾ, ಸ್ಕೂಟರು, ರೀಲ್ಸು ಮಾಡಿಕೊಂಡಿದ್ದೀವಿ. ಅವರು ಎಂದೂ ಹೇಳದ ಮಾತುಗಳಿಗೆ ಅವರ ಫೋಟೋ ಅಂಟಿಸಿ ವಾಟ್ಸಾಪಲ್ಲಿ ಹಂಚುತ್ತೀವಿ. 'ಸಖತ್ ಕಾಮಿಡಿ' ಅನ್ನುವುದೂ ಅದರದ್ದೇ ತಮ್ಮ.

ಇನ್ನು ಮಲೆನಾಡಿನ ಕತೆ, ನಮಗೆ ಸಂಬಂಧ ಇಲ್ಲ ಅನ್ನುವ ಮಾತು. ನಮ್ಮ ಸೀಮೆಯದೇ ಬೇಕು ಅಂದರೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಚದುರಂಗರ 'ವೈಶಾಖ' ಇದೆಯಲ್ಲ, ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದನ್ನಾದರೂ ಓದಿದ್ದೀರಾ ಅಂತ ಕೇಳಿದೆ. ಉತ್ತರ ಬರಲಿಲ್ಲ! ಹೋಗಲಿ. ಕೆಸರೂರಲ್ಲಿ ಏಲಕ್ಕಿ ಬೆಳೆ ಹಾಳಾಗುತ್ತಿದೆ, ಅದರ ಜೊತೆಗೇ ಊರೂ ಹಾಳಾಗುತ್ತಿದೆ. ಇಲ್ಲಿಂದ ಒಂದು ಗಂಟೆ ದಾರಿ, ಹುಣಸೂರು ಪಿರಿಯಾಪಟ್ಟಣದ ಕಡೆ ಹೋಗಿ ನೋಡಿ. ಹೊಗೆಸೊಪ್ಪು. ಅದನ್ನು ಹದ ಮಾಡುವ ಬ್ಯಾರನ್ನುಗಳಿಗೆ ಲೋಡುಗಟ್ಟಲೆ ಸೌದೆ ಬೇಕು. ಸೀಸನ್ನಿನಲ್ಲಿ ಊರ ಮುಂದೆ ಸೌದೆಯ ರಾಶಿ ನಿಂತಿರುತ್ತೆ. ಆ ರಾಶಿಯ ಪಕ್ಕದಲ್ಲೇ ಕೂತು "ಮುಂಚೆ ಇಲ್ಲಿ ಎಷ್ಟೊಂದು ಮರ ಇದ್ವು, ಎಲ್ಲಾ ಎಲ್ಲೋದ್ವೋ" ಅಂತ ಮಾತಾಡುತ್ತಾರೆ. ತಪ್ಪು ಬೆಳೆಗಾರರದ್ದೊಂದೇ ಅಂತ ನಾನು ಹೇಳುತ್ತಿಲ್ಲ. ಹರಾಜಿನಲ್ಲಿ ಕೈಗೆ ಕಾಸು ಸಿಗುವ ಬೆಳೆ ಅದು, ಸಾಲ ತೀರಬೇಕು, ಮಗಳ ಮದುವೆ ಆಗಬೇಕು. ಆದರೆ ಮರ ಎಲ್ಲಿ ಹೋಯಿತು ಅನ್ನುವುದು ರಹಸ್ಯವಾ? ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ್ದಕ್ಕೂ ನಾವು ಚಿದಂಬರ ರಹಸ್ಯ ಅಂತೀವಲ್ಲ, ಅದು ಇದೇ. ಮೇಷ್ಟ್ರು ಹೇಳಿದ ಆಕಾಶ ಒಂದು ಕಡೆ ಇರಲಿ.

ಈಗ ನನ್ನ ಹೆಂಡತಿಯ ತಕರಾರು. ಇದನ್ನು ಬರೆಯುವುದು ಕಷ್ಟ. ಅವಳಿಗೆ ಉತ್ತರ ಕೊಡಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ.

ಪ್ರೀತಿಸಿದವರು ನಾಲ್ಕು ಮಾತೂ ಆಡಲ್ಲ ಅಂದಳಲ್ಲ, ನಿಜ. ಆದರೆ ನಮ್ಮಂಥ ಊರಲ್ಲಿ ಬಸ್‌ಸ್ಟ್ಯಾಂಡಿಗೂ ಕಾಲೇಜಿಗೂ ನಡುವೆ ಒಬ್ಬ ಹುಡುಗ ಒಬ್ಬ ಹುಡುಗಿ ಎಷ್ಟು ಮಾತಾಡೋಕೆ ಸಾಧ್ಯ? ಅವರ ಪಾಲಿನ ಮಾತನ್ನೆಲ್ಲ ಊರೇ ಆಡುತ್ತೆ. ಅವರು ಎರಡು ಮಾತಾಡಿದರೆ ಊರು ಇನ್ನೂರು ಆಡುತ್ತೆ. ತೇಜಸ್ವಿಯವರ ಲೆಕ್ಕ ಸರಿಯಾಗೇ ಇದೆ.

ನಂಗೆ ಈ ಲೆಕ್ಕ ಹೇಗೆ ಗೊತ್ತು ಅಂದ್ರೆ, ಆ ಇನ್ನೂರರಲ್ಲಿ ಕೆಲವು ನನ್ನವು.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಬೀದಿಯ ಹುಡುಗಿಯೊಬ್ಬಳಿಗೂ, ಪೇಟೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಹುಡುಗನಿಗೂ ಏನೋ ಇದೆ ಅಂತ ಸುದ್ದಿಯಾಯಿತು. ಅವನು ಯಾವ ಜನ, ಅವಳು ಯಾವ ಜನ ಅಂತ ಇಲ್ಲಿ ಬರೆಯಲ್ಲ. ಬರೆದರೆ ಮತ್ತೆ ಅದೇ ಶುರುವಾಗುತ್ತೆ. ನಾವು ಹುಡುಗರು ಸಂಜೆ ಮೋರಿ ಕಟ್ಟೆ ಮೇಲೆ ಕೂತು ಪತ್ತೇದಾರಿಕೆ ನಡೆಸುತ್ತಿದ್ದೆವು. ಯಾವ ದಿನ ಅವಳ ವಾಚು ಕೆಟ್ಟಿತು, ಎಷ್ಟು ಹೊತ್ತು ಅಂಗಡಿ ಮುಂದೆ ನಿಂತಿದ್ದಳು, ಎಲ್ಲದಕ್ಕೂ ಲೆಕ್ಕ. ಅವಳ ವಾಚು ವಾರಕ್ಕೊಂದು ಸಲ ನಿಲ್ಲುತ್ತೆ ಅಂತ ಒಂದು ಜೋಕು ಕಟ್ಟಿದವನು ನಾನೇ. ಅದು ಎಷ್ಟು ಚೆನ್ನಾಗಿತ್ತು ಅಂದ್ರೆ ಹದಿನೈದು ದಿನದಲ್ಲಿ ಹೋಟೆಲಿನ ಸಪ್ಲೈಯರ್ ಬಾಯಲ್ಲಿ ನಂಗೇ ವಾಪಸ್ ಬಂತು. ನಾನು ಹೆಮ್ಮೆಪಟ್ಟೆ. ಸುಳ್ಳು ಹೇಳಲ್ಲ, ಹೆಮ್ಮೆಪಟ್ಟೆ.

ಒಂದು ದಿನ ಅವಳು ಕಾಲೇಜಿಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಯಾರೋ ನೆಂಟರ ಊರಿಗೆ ಕಳಿಸಿದರಂತೆ ಅಂದರು. ಯಾವ ಊರು ಅಂತ ಯಾರೂ ಕೇಳಲಿಲ್ಲ. ವಾಚಿನ ಅಂಗಡಿ ಮೊದಲು ಒಂದು ವಾರ ಬಾಗಿಲು ಹಾಕಿತ್ತು. ಆಮೇಲೆ ಅಲ್ಲಿ ಬೇಕರಿ ಬಂತು. ನಾವು ಆ ಬೇಕರಿಯಲ್ಲಿ ಪಫ್ ತಿಂದೆವು. ಮೋರಿ ಕಟ್ಟೆ ಮೇಲೆ ಬೇರೆ ವಿಷಯ ಬಂತು.

ಅವರಿಬ್ಬರ ನಡುವೆ ನಿಜವಾಗಿ ಏನಿತ್ತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ವೇಳೆ ಅವಳ ವಾಚು ನಿಜವಾಗಿಯೇ ಕೆಟ್ಟಿತ್ತೋ ಏನೋ.

ಆದ್ದರಿಂದ ಕೃಷ್ಣೇಗೌಡರ ಮನೆ ಮೇಲೆ ಕಲ್ಲು ಬೀಳುವಾಗ ಮೊದಲ ಸಲ ಓದಿ ನಕ್ಕವನು, ಈ ಸಲ ರೈಲಲ್ಲಿ ಅದೇ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿ ಕಿಟಕಿ ಕಡೆ ನೋಡುತ್ತಾ ಕೂತೆ. ಕತ್ತಲಲ್ಲಿ ಎಸೆದ ಕಲ್ಲು ಯಾರದು ಅಂತ ಗೊತ್ತಾಗಲ್ಲ. ಎಸೆದವನಿಗೆ ಮಾತ್ರ ಗೊತ್ತಿರುತ್ತೆ.

ಇದಕ್ಕೇ ನಾನು ಗೊಬ್ಬರದಂಗಡಿಯವರ ಪಕ್ಷ. ಕೆಸರೂರಿನ ತನಿಖೆಗೆ ಬಂದವರ ಹೆಸರು ಅಂಗಡಿ, ನಮ್ಮ ಮಿತ್ರರದೂ ಅಂಗಡಿ, ಕಾಕತಾಳೀಯ ಇರಬಹುದು :) ಆದರೆ ನಮ್ಮ ಗುಂಪಿನಲ್ಲಿ ಹೆಣವನ್ನು ಕೊನೇ ಪುಟದವರೆಗೂ ಮರೆಯದೆ ಇದ್ದವರು ಅವರೊಬ್ಬರೇ. ಪುಸ್ತಕದ ಬಗ್ಗೆ ಓದುಗರ ಅಭಿಪ್ರಾಯ ಅಂತ ನಾವು ಬರೆದುಕೊಳ್ಳುವಾಗ 'ನವಿರು ಹಾಸ್ಯ', 'ಸಮಾಜದ ಕನ್ನಡಿ', 'ಕೊನೆಯಲ್ಲಿ ಸ್ವಲ್ಪ ನಿರಾಸೆ' ಅಂತ ಮೂರು ಸೀಲು ಇಟ್ಟುಕೊಂಡು ಒತ್ತುತ್ತಾ ಇರುತ್ತೇವೆ. ನಾನೂ ಇದೇ ಜಾಗದಲ್ಲಿ ಒತ್ತಿದ್ದೇನೆ, ಹಳೇ ಪೋಸ್ಟುಗಳನ್ನು ತೆಗೆದು ನೋಡಿ. ಸ್ನೇಹಿತರೇ, ಮುಂದಿನ ಸಲ ಯಾರಾದರೂ "ಯಾರು ಮಾಡಿದ್ದು ಅಂತ ಹೇಳ್ಲಿಲ್ಲ" ಅಂತ ಗೊಣಗಿದರೆ ದಯವಿಟ್ಟು ನಗಬೇಡಿ. ಅವರಿಗೆ ಸಾಹಿತ್ಯ ಗೊತ್ತಿಲ್ಲ ಅನ್ನಬೇಡಿ. ಅವರು ಕೇಳಬೇಕಾದ್ದನ್ನೇ ಕೇಳುತ್ತಿದ್ದಾರೆ. ಒಪ್ಪಿಗೆ ಇಲ್ಲದಿದ್ದರೆ ಬೈಯಿರಿ, ಬೈಸಿಕೊಳ್ಳಲು ತಯಾರಾಗೇ ಬರೆದಿದ್ದೇನೆ.

ಮೊನ್ನೆ ಅವರ ಅಂಗಡಿಗೆ ಹೋಗಿ, ಯೂರಿಯಾ ಮೂಟೆ ಮೇಲೆ ಕೂತು, ಇದನ್ನೆಲ್ಲ ಹೇಳಿದೆ. ನಕ್ಕಿದ್ದಕ್ಕೆ ತಪ್ಪಾಯ್ತು ಅಂದೆ. ವಾಚಿನ ಅಂಗಡಿಯ ಕತೆಯನ್ನೂ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರಿಗೋ ಹೇಳಿದ್ದು. ಅವರು ಗಿರಾಕಿಗೆ ಚೀಟಿ ಬರೆಯುತ್ತಲೇ ಕೇಳಿಸಿಕೊಂಡರು. ಏನಾದರೂ ಸಮಾಧಾನ ಹೇಳ್ತಾರೆ ಅಂತ ಕಾಯ್ತಾ ಇದ್ದೆ.

ಚೀಟಿ ಹರಿದುಕೊಟ್ಟು, ಪೆನ್ನು ಕಿವಿ ಮೇಲೆ ಸಿಕ್ಕಿಸಿಕೊಂಡು ಕೇಳಿದರು: "ಆಮೇಲೆ ಆ ಹುಡ್ಗಿ ಎಲ್ಲಿಗೋದ್ಲು ಸಾರ್?"