ಗರ್ಭಪಾತ: ತಾಯಿಯ ಜೀವವನ್ನು ಮರೆಯುವ ಚರ್ಚೆ

ಗರ್ಭಪಾತದ ಕುರಿತಾದ ಚರ್ಚೆಯು ನಮ್ಮಲ್ಲಿ ಹೆಚ್ಚಾಗಿ ‘ಹರಾಮ್’ ಎಂಬ ಒಂದೇ ಪದದಲ್ಲಿ ಮುಗಿದುಬಿಡುತ್ತದೆ. ಹಾಗೆ ಮುಗಿಸುವವರು ಬೆಳಗಾವಿಯ ಸವಿತಾ ಹಾಲಪ್ಪನವರ್‌ರನ್ನು ಒಮ್ಮೆ ಸ್ಮರಿಸಬೇಕು.

31ರ ಹರೆಯದ ಈ ದಂತವೈದ್ಯೆ ಪತಿಯೊಂದಿಗೆ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದರು. 2012ರ ಅಕ್ಟೋಬರ್ 21ರಂದು ಆಸ್ಪತ್ರೆಗೆ ದಾಖಲಾದಾಗ 17 ವಾರಗಳ ಗರ್ಭಿಣಿ. ಮಗು ಉಳಿಯದೆಂಬುದು ವೈದ್ಯರಿಗೆ ಖಚಿತವಾಗಿತ್ತು. ಗರ್ಭ ತೆಗೆಯಿರೆಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ನಿರಾಕರಿಸಲಾಯಿತು. ರಕ್ತಕ್ಕೆ ಸೋಂಕು ವ್ಯಾಪಿಸಿ ಅಕ್ಟೋಬರ್ 28ರಂದು ಅವರು ಕೊನೆಯುಸಿರೆಳೆದರು. ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪವೂ ಬಳಿಕ ತನಿಖೆಯಲ್ಲಿ ಬಯಲಾಯಿತು. ಆದರೆ ಭ್ರೂಣವನ್ನು ರಕ್ಷಿಸಲೆಂದೇ ಇದ್ದ ಆ ಕಾನೂನು ಇಲ್ಲಿ ಯಾರನ್ನು ರಕ್ಷಿಸಿತು? 2018ರ ಜನಮತಗಣನೆಯಲ್ಲಿ ಶೇ. 66ರಷ್ಟು ಮತದಾರರು ಸಂವಿಧಾನದ ಆ ವಿಧಿಯನ್ನು ಕಿತ್ತುಹಾಕಿದರು.

ಇಸ್ಲಾಮೀ ಧರ್ಮಶಾಸ್ತ್ರದ ನಿಲುವು ಇಷ್ಟು ಕುರುಡಾಗಿಲ್ಲ. ಭ್ರೂಣಕ್ಕೆ ಆತ್ಮ ಊದಲಾಗುವ 120 ದಿನಗಳ ಮುಂಚಿನ ಅವಧಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ನಮ್ಮ ಕರಾವಳಿಯ ಬಹುತೇಕರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲೂ ಇವೆ. ಇಮಾಮ್ ಗಝ್ಝಾಲಿ ಆರಂಭದಿಂದಲೇ ಅದನ್ನು ಅಪರಾಧವೆಂದು ಕಂಡವರು. ಗರ್ಭ ಬೆಳೆದಂತೆ ಅಪರಾಧದ ತೀವ್ರತೆಯೂ ಹೆಚ್ಚುತ್ತದೆಂದರು. ಹಾಗಿದ್ದೂ 120 ದಿನಗಳ ಬಳಿಕವೂ ತಾಯಿಯ ಜೀವ ನಿಜವಾಗಿ ಅಪಾಯದಲ್ಲಿದ್ದರೆ ಗರ್ಭ ತೆಗೆಯಬಹುದೆಂದು ಮಕ್ಕಾದ ಫಿಕ್ಹ್ ಮಂಡಳಿ 1990ರಲ್ಲಿ ತೀರ್ಮಾನಿಸಿತು. ಆ ಅಪಾಯವನ್ನು ದೃಢಪಡಿಸಬೇಕಾದವರು ನಂಬಿಕಸ್ಥ ವೈದ್ಯರು, ನೆರೆಹೊರೆಯವರಲ್ಲ.

ಇನ್ನೊಂದೆಡೆ, ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ಹೊಸಕುವ ದಂಧೆಯಿದೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿದ್ದುದನ್ನು ಪೊಲೀಸರು ಪತ್ತೆಹಚ್ಚಿದರು. ಜೀವಂತ ಹೂಳಲಾದ ಹೆಣ್ಣು ಮಗು ಯಾವ ಪಾಪಕ್ಕಾಗಿ ಕೊಲ್ಲಲ್ಪಟ್ಟಳೆಂದು ವಿಚಾರಿಸಲಾಗುವ ದಿನವನ್ನು ನೆನಪಿಸುವ ಕುರ್‌ಆನಿನ ಮುಂದೆ ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮೂರನೆಯದೂ ಹೆಣ್ಣಾದರೆ ಮುಖ ಸಣ್ಣದು ಮಾಡಿಕೊಳ್ಳುವ ಮನೆಗಳು ನಮ್ಮಲ್ಲಿಲ್ಲವೇ? ಬಡತನದ ಭಯವೂ ಸಮರ್ಥನೆಯಲ್ಲ. ಆದರೆ ಆ ಬಡತನವನ್ನು ಹಂಚಿಕೊಳ್ಳದ ಜಮಾಅತ್‌ಗೆ ತಾಯಿಯನ್ನು ಗದರುವ ಹಕ್ಕು ಎಲ್ಲಿಂದ ಬಂತು?

ವಾಮಂಜೂರಿನ ಮನೆಯೊಂದರಲ್ಲಿ ನಾಳೆ ಸವಿತಾರಂತಹ ಸಂಕಟ ಎದುರಾದರೆ, ಕುಟುಂಬವು ಹಿರಿಯರ ಒಪ್ಪಿಗೆಗಾಗಿ, ಗಲ್ಫ್‌ನಲ್ಲಿರುವ ಪತಿಯ ಫೋನಿಗಾಗಿ ಕಾಯುತ್ತಾ ಕೂರಬೇಕಾಗಿಲ್ಲ. 1971ರ ಕಾನೂನಿನ ಪ್ರಕಾರ ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವೆನಿಸಿದರೆ ವಾರಗಳ ಮಿತಿ ಅನ್ವಯಿಸುವುದಿಲ್ಲ. ಅರ್ಹ ವೈದ್ಯರೊಬ್ಬರ ಅಭಿಪ್ರಾಯ ಸಾಕು. ವಯಸ್ಕಳಾದ ಮಹಿಳೆಯ ಸಹಿಯ ಹೊರತು ಪತಿಯ ಸಹಿಯನ್ನೂ ಆ ಕಾನೂನು ಕೇಳುವುದಿಲ್ಲ.