ತಾರೀಖು ತಪ್ಪಿದರೆ ಲೆಕ್ಕ ತಪ್ಪಿತು

ಮುಂಗಾರು ಹತ್ತಿರವಾಗುತ್ತಿದ್ದಂತೆ ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರು ದಿನಾ ಕೇಳುವ ಪ್ರಶ್ನೆ ಒಂದೇ: ‘ಡ್ಯಾಮಿಗೆ ನೀರು ಎಷ್ಟು ಬಂತು?’ ಅದರ ಬೆನ್ನಿಗೇ ಇನ್ನೊಂದು: ‘ಹೋದ ವರ್ಷ ಇದೇ ದಿನ ಎಷ್ಟಿತ್ತು?’ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಟ್ಟಾರು, ಸಸಿ ಮಡಿ ಯಾವಾಗ ಹಾಕಬೇಕು ಎಂಬ ಅಂದಾಜೆಲ್ಲ ಈ ಮಟ್ಟವನ್ನು ನೋಡಿಯೇ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯವರ ಪ್ರಶ್ನೆ ಬೇರೆ. ಅವರಿಗೆ ಬೇಕಾದದ್ದು ಯಾವ ಮಳೆ ಎಷ್ಟು ಸುರಿಯಿತು ಎಂಬುದು.

ಎರಡು ಪ್ರಶ್ನೆಗಳಿಗೂ ಉತ್ತರ ಸಿಗುವುದು ತಾರೀಖು ಹಿಡಿದು ಹುಡುಕಿದಾಗಲೇ. ಈ ಹುಡುಕಾಟವನ್ನು ಈಗ ಕಂಪ್ಯೂಟರಿಗೆ ಒಪ್ಪಿಸುವುದು ಸುಲಭ. ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ ತಾರೀಖು, ಪಕ್ಕದಲ್ಲಿ ನೀರಿನ ಮಟ್ಟ. ತಾರೀಖು ಕೊಟ್ಟರೆ ಮಟ್ಟ ಹುಡುಕಿಕೊಡಲು ಒಂದು ಚಿಕ್ಕ ಮ್ಯಾಕ್ರೋ. ಆದರೆ ಎಕ್ಸೆಲ್‌ನಲ್ಲಿ ಅತಿ ಹೆಚ್ಚು ಕೈಕೊಡುವ ಕೆಲಸವೂ ಇದೇ. ಕಾರಣ, ನಾವು ತಾರೀಖನ್ನು ಅಕ್ಷರದಂತೆ ಓದುತ್ತೇವೆ, ಯಂತ್ರ ಅದನ್ನು ಸಂಖ್ಯೆಯೆಂದು ಎಣಿಸುತ್ತದೆ.

ಎಕ್ಸೆಲ್ ಲೆಕ್ಕದಲ್ಲಿ 1900ರ ಜನವರಿ 1 ಎಂದರೆ 1. ದಿನಕ್ಕೊಂದರಂತೆ ಎಣಿಸುತ್ತ ಬಂದರೆ 2024ರ ಆಗಸ್ಟ್ 10ಕ್ಕೆ 45,514 ಆಗುತ್ತದೆ. ಈ ಎಣಿಕೆಯಲ್ಲಿ ಇಲ್ಲದ ದಿನವೂ ಒಂದು ಸೇರಿಕೊಂಡಿದೆ: 1900ರ ಫೆಬ್ರುವರಿ 29. ಆ ವರ್ಷ ಅಧಿಕ ವರ್ಷವೇ ಅಲ್ಲ. ಹಿಂದಿನ ಲೋಟಸ್ 1-2-3 ಮಾಡಿದ್ದ ತಪ್ಪನ್ನು, ಅದರ ಫೈಲುಗಳ ಜೊತೆ ಹೊಂದಿಕೊಳ್ಳಲೆಂದು ಎಕ್ಸೆಲ್ ಹಾಗೆಯೇ ಉಳಿಸಿಕೊಂಡಿತು. ಪರದೆಯ ಮೇಲೆ ಕಾಣುವ ‘10-08-2024’ ಆ ಸಂಖ್ಯೆಗೆ ತೊಡಿಸಿದ ಅಂಗಿ ಮಾತ್ರ.

ಗಂಗಾವತಿಯ ಗುಮಾಸ್ತರೊಬ್ಬರು ಜಲಾಶಯದ ಮಟ್ಟಗಳನ್ನು ಹೀಗೆ ಬರೆದಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರು ತಡೆಯುವ ತನಕ ಇಡೀ ಸೀಮೆಯ ಜೀವ ಕೈಯಲ್ಲಿತ್ತು. ಆ ದಿನದ ಮಟ್ಟ ತಿಳಿಯಲು ಗುಮಾಸ್ತರು ಮ್ಯಾಕ್ರೋದಲ್ಲಿ ಎರಡು # ಚಿಹ್ನೆಗಳ ನಡುವೆ 10/08/2024 ಎಂದು ಬರೆಯುತ್ತಾರೆ. ಉತ್ತರವೂ ಬರುತ್ತದೆ. ಆದರೆ ಅದು ಅಕ್ಟೋಬರ್ 8ರ ಮಟ್ಟ! ಮ್ಯಾಕ್ರೋ ಭಾಷೆಯಾದ ವಿಬಿಎ, # ನಡುವಿನ ತಾರೀಖನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ದಿನ ಆಮೇಲೆ ಎಂದು ಓದುತ್ತದೆ. ಕಂಪ್ಯೂಟರಿನಲ್ಲಿ ಭಾರತದ ಕ್ರಮ ಆರಿಸಿದ್ದರೂ ಇದು ಬದಲಾಗದು. ಹೀಗೆ ಉತ್ತರ 59 ದಿನ ಮುಂದೆ ಜಿಗಿಯಿತು.

ಇದೇ ಮ್ಯಾಕ್ರೋವನ್ನು 15/08/2024 ಕೊಟ್ಟು ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಹದಿನೈದನೆಯ ತಿಂಗಳು ಇಲ್ಲವಲ್ಲ. ಆದ್ದರಿಂದ ಯಂತ್ರ ತಾನಾಗಿಯೇ ಅದನ್ನು ಆಗಸ್ಟ್ 15 ಎಂದು ತಿದ್ದಿಕೊಳ್ಳುತ್ತದೆ. ಅಂದರೆ 13ರಿಂದ ಮುಂದಿನ ತಾರೀಖುಗಳೆಲ್ಲ ಸರಿ. 1ರಿಂದ 12ರವರೆಗಿನವು ತಪ್ಪು. ಅವುಗಳಲ್ಲೂ ಎಂಟನೆಯ ತಿಂಗಳ ಎಂಟು ಎಂಬಂಥವು ಪಾರಾಗುತ್ತವೆ. ತಿಂಗಳಿಗೆ 11ರಂತೆ ವರ್ಷಕ್ಕೆ 132 ದಿನ ಸದ್ದಿಲ್ಲದೆ ಅದಲುಬದಲು. ಇದಕ್ಕೆ ಮದ್ದು ಡೇಟ್‌ಸೀರಿಯಲ್ ಎಂಬ ಫಂಕ್ಷನ್. ಅದಕ್ಕೆ ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆಯಾಗಿ 2024, 8, 10 ಎಂದು ಕೊಟ್ಟರೆ ಗೊಂದಲಕ್ಕೆ ಎಡೆಯಿಲ್ಲ.

ಎರಡನೆಯ ತೊಡಕು ಕಣ್ಣೆದುರು ತಾರೀಖು ಇದ್ದರೂ ‘ಸಿಗಲಿಲ್ಲ’ ಎನ್ನುವುದು. ಇದಕ್ಕೆ ಮೂರು ಕಾರಣಗಳನ್ನು ನೋಡಬೇಕು. ಬೆಳಿಗ್ಗೆ 8 ಗಂಟೆಯ ಮಟ್ಟವೆಂದು ತಾರೀಖಿನ ಜೊತೆ ಗಂಟೆಯನ್ನೂ ಬರೆದಿದ್ದರೆ ಸೆಲ್‌ನಲ್ಲಿರುವುದು 45514.333, ಹುಡುಕುತ್ತಿರುವುದು 45514. ಎರಡೂ ಒಂದೇ ಅಲ್ಲ. ಇಂಟ್ ಎಂಬ ಫಂಕ್ಷನ್ನಿನಿಂದ ದಶಾಂಶ ಕತ್ತರಿಸಬೇಕು. ಇನ್ನು, ಮ್ಯಾಕ್ರೋದೊಳಗಿಂದ ಮ್ಯಾಚ್ ಫಂಕ್ಷನ್ನಿಗೆ ತಾರೀಖನ್ನು ತಾರೀಖಾಗಿಯೇ ಕೊಟ್ಟರೆ ಅದು ಹೊಂದಿಕೆಯಾಗದೆ ಹೋಗುವುದುಂಟು. ಸಿಎಲ್‌ಎನ್‌ಜಿಯಿಂದ ಪೂರ್ಣಾಂಕ ಮಾಡಿ ಕೊಟ್ಟರೆ ಹುಡುಕಿಕೊಡುತ್ತದೆ. ಮೂರನೆಯದು ಫೈಂಡ್ ಆದೇಶ. ಅದು ಹಲವು ಸಲ ಒಳಗಿನ ಸಂಖ್ಯೆಯ ಬದಲು ಹೊರಗೆ ಕಾಣುವ ರೂಪವನ್ನೇ ನೋಡುತ್ತದೆ. ಯಾರೋ ಕಾಲಂನ ರೂಪ ಬದಲಿಸಿದರೆ ನಿನ್ನೆ ಸಿಕ್ಕ ತಾರೀಖು ಇಂದು ಸಿಗದು. ತಾರೀಖು ಹುಡುಕಲು ಫೈಂಡ್‌ಗಿಂತ ಮ್ಯಾಚ್ ನಂಬಿಕಸ್ಥ.

ಯಲಬುರ್ಗಾ, ಕುಷ್ಟಗಿಯವರ ಲೆಕ್ಕದಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಮಳೆಗೆ ನಕ್ಷತ್ರದ ಹೆಸರು. ರೋಹಿಣಿ ಸುಮಾರು ಮೇ 25ಕ್ಕೆ, ಮಿರಗಾ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ ಹುಟ್ಟುತ್ತವೆ. ಜೂನ್ 15ರ ಮಳೆ ಯಾವುದು ಎಂದರೆ ಪಟ್ಟಿಯಲ್ಲಿ ಜೂನ್ 15 ಇಲ್ಲ. ಅದಕ್ಕಿಂತ ಹಿಂದಿನ ಹತ್ತಿರದ ತಾರೀಖು ಹಿಡಿದು ‘ಮಿರಗಾ’ ಎನ್ನಬೇಕು. ವಿಲುಕಪ್ ಫಂಕ್ಷನ್ ಇದನ್ನು ಸೊಗಸಾಗಿ ಮಾಡುತ್ತದೆ. ಕೊನೆಯ ಜಾಗದಲ್ಲಿ ‘ಟ್ರೂ’ ಎಂದಿರಬೇಕು, ಪಟ್ಟಿ ತಾರೀಖಿನ ಕ್ರಮದಲ್ಲಿರಬೇಕು, ಅಷ್ಟೇ.

ಆದರೆ ತಾರೀಖುಗಳು ಬರೀ ಅಕ್ಷರಗಳಾಗಿ ಕೂತಿದ್ದರೆ? ನಮ್ಮಲ್ಲಿ ಕೈಬರಹದ ರೂಢಿಯಂತೆ ಚುಕ್ಕಿಯಿಟ್ಟು ‘08.06.2024’ ಎಂದು ಬರೆದರೆ ಎಕ್ಸೆಲ್ ಅನೇಕ ಸಲ ಅದನ್ನು ತಾರೀಖೆಂದು ಒಪ್ಪದೆ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಅಂಥ ಪಟ್ಟಿಯನ್ನು ಕ್ರಮದಲ್ಲಿ ಜೋಡಿಸಿದರೆ 08.06 ಮೊದಲು, 22.06 ಆಮೇಲೆ, 25.05 ಕೊನೆಗೆ. ರೋಹಿಣಿ ಮಳೆ ಆರಿದ್ರಾದ ಹಿಂದೆ ಹೋಗಿ ನಿಂತಿತು! ಗುರುತು ಹಿಡಿಯುವುದು ಸುಲಭ. ಸೆಲ್‌ನ ಎಡಕ್ಕೆ ಅಂಟಿಕೊಂಡದ್ದು ಅಕ್ಷರ, ಬಲಕ್ಕೆ ಅಂಟಿದ್ದು ಸಂಖ್ಯೆ. ಸಂಶಯವಿದ್ದರೆ ಇಸ್‌ನಂಬರ್ ಫಂಕ್ಷನ್ನನ್ನು ಕೇಳಬಹುದು.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ವಂಶವಾಹಿಗಳ ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರುಗಳನ್ನು ಎಕ್ಸೆಲ್ ತಾರೀಖೆಂದು ತಿಳಿದು ಬದಲಿಸುತ್ತಿತ್ತು. ವಿಜ್ಞಾನಿಗಳು ಸಾಕಾಗಿ 2020ರಲ್ಲಿ ಹೆಸರುಗಳನ್ನೇ ಬದಲಿಸಿಕೊಂಡರು.

‘ಹೋದ ವರ್ಷ ಇದೇ ದಿನ’ ಎಂಬ ಪ್ರಶ್ನೆಯಲ್ಲೂ ಒಂದು ಮುಳ್ಳಿದೆ. ಅನೇಕರು 365 ಕಳೆದು ಹುಡುಕುತ್ತಾರೆ. 2024ರ ಆಗಸ್ಟ್ 10ರಿಂದ 365 ಕಳೆದರೆ ಸಿಗುವುದು 2023ರ ಆಗಸ್ಟ್ 11. ನಡುವೆ ಫೆಬ್ರುವರಿ 29 ಬಂದಿತ್ತು. ತುಂಬುತ್ತಿರುವ ಜಲಾಶಯದಲ್ಲಿ ಒಂದು ದಿನದ ಒಳಹರಿವೆಂದರೆ ಸಣ್ಣ ಮಾತಲ್ಲ. ಹನ್ನೆರಡು ತಿಂಗಳು ಹಿಂದಕ್ಕೆ ಹೋಗಲು ಇಡೇಟ್ ಫಂಕ್ಷನ್ ಬಳಸುವುದು ಕ್ಷೇಮ.

ಮ್ಯಾಕ್ರೋ ಸಿದ್ಧವಾದ ಮೇಲೆ ನಾಲ್ಕು ತಾರೀಖು ಕೊಟ್ಟು ನೋಡಬೇಕು: 12ರೊಳಗಿನದು ಒಂದು, 12 ದಾಟಿದ್ದು ಒಂದು, ಫೆಬ್ರುವರಿ 29, ಮತ್ತು ಪಟ್ಟಿಯಲ್ಲಿ ಇಲ್ಲವೇ ಇಲ್ಲದ್ದು ಒಂದು. ಮೊದಲ ಮೂರರ ಉತ್ತರವನ್ನು ಕೈಬರಹದ ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ನಾಲ್ಕನೆಯದಕ್ಕೆ ಮ್ಯಾಕ್ರೋ ‘ಇಲ್ಲ’ ಎನ್ನಲೇಬೇಕು. ಯಂತ್ರ ‘ಇಲ್ಲ’ ಎಂದಾಗ ಮನುಷ್ಯ ಇನ್ನೊಮ್ಮೆ ಹುಡುಕುತ್ತಾನೆ. ತಪ್ಪು ತಾರೀಖಿನ ಮಟ್ಟವನ್ನು ಧೈರ್ಯವಾಗಿ ಕೊಟ್ಟಾಗ ಯಾರೂ ಹುಡುಕುವುದಿಲ್ಲ. ಅದನ್ನೇ ನಂಬಿ ರೈತ ಬೀಜ ನೆನೆಹಾಕುತ್ತಾನೆ.